ಸೊಳ್ಳೆ ಜ್ವರಕ್ಕೆ ಮಾತ್ರೆ ಯಾವಾಗ ಬರುತ್ತದೆ? ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ವೈರಸ್ ಲ್ಯಾಬಿನಲ್ಲಿ ಆರು ವರ್ಷ ಕೆಲಸ ಮಾಡಿ, ಈಗ ಹಾಸನದಲ್ಲಿ ಮೈಕ್ರೋಬಯಾಲಜಿ ಪಾಠ ಹೇಳುತ್ತಿದ್ದೇನೆ. ಗಂಡನ ಮನೆ ಸಕಲೇಶಪುರದ ಹತ್ತಿರ. ಕಾಫಿ, ಅಡಿಕೆ, ಮೆಣಸು ಇರುವ ಊರು. ಮುಂಗಾರು ಹಿಡಿದರೆ ಸಾಕು, ಫೋನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ ಎಲ್ಲ ಕಡೆ ಇದೇ ಪ್ರಶ್ನೆಗಳು. 2024ರ ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಡೆಂಗ್ಯೂ ಜೋರಾಗಿದ್ದಾಗ ದಿನಕ್ಕೆ ಹತ್ತು ಸಲ ಉತ್ತರ ಹೇಳಿದ್ದೂ ಇದೆ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಡೆಂಗ್ಯೂಗೆ ಔಷಧಿಯೇ ಇಲ್ವಾ? ಹಾಗಾದ್ರೆ ಆಸ್ಪತ್ರೆಯಲ್ಲಿ ಕೊಡೋದು ಏನು?

ಡೆಂಗ್ಯೂ ವೈರಸ್ಸನ್ನೇ ಹಿಡಿದು ನಿಲ್ಲಿಸುವ, ಎಲ್ಲ ಪರೀಕ್ಷೆ ದಾಟಿ ಒಪ್ಪಿಗೆ ಪಡೆದ ಔಷಧಿ ಇನ್ನೂ ಇಲ್ಲ. ಚಿಕೂನ್‌ಗುನ್ಯಾ, ಝೀಕಾ, ಮಿದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್, ಇವಕ್ಕೂ ಇಲ್ಲ.

ಆಸ್ಪತ್ರೆಯಲ್ಲಿ ಕೊಡುವುದು ನೋವು, ಜ್ವರಕ್ಕೆ ಪ್ಯಾರಸಿಟಮಾಲ್. ಬಾಯಿಂದ ಕುಡಿಯಲು ಆಗದವರಿಗೆ ಡ್ರಿಪ್. ಅದರ ಜೊತೆಗೆ ಬಿಪಿ, ನಾಡಿ, ಮೂತ್ರದ ಪ್ರಮಾಣ, ರಕ್ತದ ಗಟ್ಟಿತನ ನೋಡುತ್ತಲೇ ಇರುತ್ತಾರೆ. ಇದನ್ನು "ಸುಮ್ನೆ ಗ್ಲೂಕೋಸ್ ಹಾಕಿ ಮಲಗಿಸಿದರು" ಅಂತ ಹಗುರವಾಗಿ ನೋಡಬೇಡಿ. ಡೆಂಗ್ಯೂನಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿದಾಗ. ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ನೀರು ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಜಾಸ್ತಿ ಕೊಟ್ಟರೂ ಅಪಾಯ. ಅಳತೆ ತಪ್ಪದಂತೆ ರಾತ್ರಿಯೆಲ್ಲ ಎದ್ದು ನೋಡುವ ನರ್ಸ್ ಅಲ್ಲಿ ಔಷಧಿಯಷ್ಟೇ ಮುಖ್ಯ.

ಆ್ಯಂಟಿಬಯಾಟಿಕ್ ತಗೊಂಡ್ರೆ ಹೋಗಲ್ವಾ?

ಹೋಗುವುದಿಲ್ಲ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ. ಅದಕ್ಕೆ ತನ್ನದೇ ಗೋಡೆ ಇದೆ, ತನ್ನದೇ ಯಂತ್ರಗಳಿವೆ. ಅವನ್ನು ಕೆಡಿಸಿದರೆ ಸಾಯುತ್ತದೆ. ವೈರಸ್ಸಿಗೆ ಸ್ವಂತ ಅಡುಗೆಮನೆಯೇ ಇಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿ, ನಮ್ಮದೇ ಒಲೆ, ನಮ್ಮದೇ ಪಾತ್ರೆಯಲ್ಲಿ ತನ್ನ ಅಡುಗೆ ಮಾಡಿಕೊಳ್ಳುತ್ತದೆ. ಒಲೆ ಒಡೆದರೆ ನಮ್ಮ ಮನೆಯೂ ಹಾಳು. ಹಾಗಾಗಿ ವೈರಸ್ ತನ್ನ ಜೊತೆ ತಂದಿರುವ ಕೆಲವೇ ಸಾಮಾನುಗಳನ್ನು ಹುಡುಕಿ, ಅವನ್ನಷ್ಟೇ ಕೆಡಿಸುವ ಔಷಧಿ ಬೇಕು.

ಡೆಂಗ್ಯೂ ವೈರಸ್ ತರುವ ಸಾಮಾನು ತುಂಬಾ ಕಡಿಮೆ. ನಮ್ಮ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದರೆ, ಈ ವೈರಸ್ಸಿನ ಆರ್‌ಎನ್‌ಎಯಲ್ಲಿ (ಡಿಎನ್‌ಎಯಂಥದೇ ಅದರ ಬರಹ) ಇರುವುದು ಸುಮಾರು 10,700. ಅದರಿಂದ ತಯಾರಾಗುವುದು 10 ಪ್ರೋಟೀನ್. ಮೂರು ಮೈ ಕಟ್ಟಲು, ಏಳು ಕೆಲಸ ಮಾಡಲು. ಎನ್‌ಎಸ್‌5 ಎನ್ನುವುದು ವೈರಸ್ಸಿನ ನಕಲು ತೆಗೆಯುತ್ತದೆ. ಎನ್‌ಎಸ್‌3 ಕತ್ತರಿಯ ಹಾಗೆ, ಉದ್ದಕ್ಕೆ ತಯಾರಾದ ಪ್ರೋಟೀನನ್ನು ತುಂಡು ಮಾಡಿ ಕೊಡುತ್ತದೆ. ಔಷಧಿ ಹುಡುಕುವವರ ಕಣ್ಣು ಹೆಚ್ಚಾಗಿ ಇವುಗಳ ಮೇಲೆಯೇ.

ಚಂದ್ರನ ಮೇಲೆ ಇಳಿದಾಯ್ತು. ಒಂದು ಮಾತ್ರೆ ಮಾಡೋಕೆ ಇಷ್ಟು ಕಷ್ಟನಾ?

ಬೇಲೂರಿನ ಒಬ್ಬ ಹಿರಿಯರು ನನ್ನನ್ನು ಹೀಗೆಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸ್ವಲ್ಪ ಉದ್ದ.

ಕಷ್ಟಗಳಲ್ಲಿ ದೊಡ್ಡದು ಸಮಯ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕಚ್ಚಿ ಸಾಮಾನ್ಯವಾಗಿ ನಾಲ್ಕರಿಂದ ಏಳು ದಿನಕ್ಕೆ ಜ್ವರ ಬರುತ್ತದೆ. ಜ್ವರ ಬಂದ ಮೊದಲ ಎರಡು ಮೂರು ದಿನ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ನಾಲ್ಕು, ಐದನೇ ದಿನಕ್ಕೆ ನಮ್ಮ ದೇಹವೇ ಅದನ್ನು ಹೊಡೆದು ಕೆಳಗಿಳಿಸಿರುತ್ತದೆ. ಜ್ವರ ಬಿಡುತ್ತದೆ. ಮನೆಯವರು ಉಸ್ಸಪ್ಪಾ ಅನ್ನುತ್ತಾರೆ. ಆದರೆ ರಕ್ತನಾಳ ಸೋರುವುದು, ಪ್ಲೇಟ್‌ಲೆಟ್ ಬೀಳುವುದು ಆಗಲೇ. ಅಂದರೆ ಅಪಾಯ ಬರುವ ಹೊತ್ತಿಗೆ ವೈರಸ್ ಹೆಚ್ಚುಕಡಿಮೆ ಹೋಗಿರುತ್ತದೆ. ಉಳಿದಿರುವುದು ಅದು ಎಬ್ಬಿಸಿದ ಗಲಾಟೆ. ಕಳ್ಳ ಹೋದ ಮೇಲೆ ಬಾಗಿಲಿಗೆ ಬೀಗ ಹಾಕಿದರೆ ಏನು ಬಂತು?

ಹಾಗಾಗಿ ಔಷಧಿಗೆ ಸಿಗುವುದು ಮೂರು ದಿನ. ಅಷ್ಟರೊಳಗೆ ಜ್ವರ ಡೆಂಗ್ಯೂ ಅಂತ ಗೊತ್ತಾಗಬೇಕು, ಮಾತ್ರೆ ಹೊಟ್ಟೆಗೆ ಹೋಗಬೇಕು, ಕೆಲಸ ಶುರುವಾಗಬೇಕು. ಈಗ ನಮ್ಮ ತೋಟಗಳ ಕಡೆ ನೋಡಿ. ಲೈನ್ ಮನೆಯಲ್ಲಿರುವ ಹೆಂಗಸಿಗೆ ಸೋಮವಾರ ಜ್ವರ ಬಂತು. ಒಂದು ದಿನದ ಕೂಲಿ ಹೋಗುತ್ತದೆ ಅಂತ ಮಾತ್ರೆ ನುಂಗಿ ಕೆಲಸಕ್ಕೆ ಹೋದಳು. ಬುಧವಾರ ಮಲಗಿದಳು. ಗುರುವಾರ ಎಸ್ಟೇಟ್ ರೈಟರ್ ಜೀಪು ಕಳಿಸಿದರು. ಆಸ್ಪತ್ರೆ ಮುಟ್ಟುವಾಗ ನಾಲ್ಕನೇ ದಿನ. ಎಂಥ ಒಳ್ಳೆಯ ಮಾತ್ರೆ ಬಂದರೂ ಅವಳಿಗೆ ಅದು ತಡವೇ. ಔಷಧಿಯ ಬಗ್ಗೆ ಮಾತಾಡುವಾಗ ನಾನು ಅವಳನ್ನು ಮರೆಯುವುದಿಲ್ಲ.

ಎರಡನೇ ಕಷ್ಟ, ಡೆಂಗ್ಯೂ ಒಂದಲ್ಲ, ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ಬಂದರೆ ಕೆಲವೊಮ್ಮೆ ಹೆಚ್ಚು ಜೋರಾಗುತ್ತದೆ. ಮೊದಲ ಬಗೆಯ ವಿರುದ್ಧ ದೇಹ ಮಾಡಿಕೊಂಡ ಹಳೆಯ ಪ್ರತಿಕಾಯಗಳು (ಆ್ಯಂಟಿಬಾಡಿ) ಹೊಸ ವೈರಸ್ಸನ್ನು ಸಾಯಿಸಲಾರದೆ, ಕೈಹಿಡಿದು ಜೀವಕೋಶದ ಒಳಗೇ ಬಿಟ್ಟುಬಿಡುತ್ತವೆ. ಔಷಧಿ ನಾಲ್ಕಕ್ಕೂ ಸಮನಾಗಿ ಕೆಲಸ ಮಾಡಬೇಕು.

ಮೂರನೆಯದು, ಇಲಿಗೆ ಸಹಜವಾಗಿ ಡೆಂಗ್ಯೂ ಬರುವುದಿಲ್ಲ. ರೋಗ ನಿರೋಧಕ ಶಕ್ತಿ ಕುಗ್ಗಿಸಿದ ವಿಶೇಷ ಇಲಿಗಳಲ್ಲಿ ಪರೀಕ್ಷೆ ಮಾಡಬೇಕು. ಅಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ.

ಲ್ಯಾಬಿನಲ್ಲಿ ಔಷಧಿ ಹುಡುಕೋದು ಅಂದ್ರೆ ನಿಜವಾಗಿ ಏನು ಮಾಡ್ತೀರಿ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಪಡ್ಡು ಹಂಚಿನ ಹಾಗೆ ಆರು ಗುಳಿ. ಪ್ರತಿ ಗುಳಿಯ ತಳದಲ್ಲಿ ಮಂಗನ ಮೂತ್ರಪಿಂಡದ ಜೀವಕೋಶಗಳನ್ನು ಹಾಸಿನಂತೆ ಬೆಳೆಸುತ್ತೇವೆ. ಇವಕ್ಕೆ ವೀರೋ ಕೋಶ ಅಂತ ಹೆಸರು. 1962ರಲ್ಲಿ ಜಪಾನಿನಲ್ಲಿ ಬೆಳೆಸಲು ಶುರು ಮಾಡಿದ್ದು, ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಬೆಳೆಯುತ್ತಿವೆ. ಹಾಸಿನ ಮೇಲೆ ವೈರಸ್ ಬಿಡುತ್ತೇವೆ. ಒಂದು ಗುಳಿಗೆ ಔಷಧಿ ಇಲ್ಲ. ಉಳಿದವಕ್ಕೆ ಸ್ವಲ್ಪ, ಇನ್ನೂ ಸ್ವಲ್ಪ, ಜಾಸ್ತಿ, ಹೀಗೆ. ಮೇಲೆ ತೆಳ್ಳಗಿನ ಗಂಜಿಯಂಥ ಪದರ ಹಾಕಿ, 37 ಡಿಗ್ರಿ ಬೆಚ್ಚಗಿಟ್ಟು ಕೆಲವು ದಿನ ಕಾಯುತ್ತೇವೆ.

ಆಮೇಲೆ ನೇರಳೆ ಬಣ್ಣ ಹಾಕಿ ತೊಳೆಯುತ್ತೇವೆ. ಬದುಕಿರುವ ಜೀವಕೋಶ ಬಣ್ಣ ಹಿಡಿಯುತ್ತದೆ. ವೈರಸ್ ತಿಂದ ಜಾಗದಲ್ಲಿ ಬಿಳಿ ಚುಕ್ಕೆ, ನೇರಳೆ ಬಟ್ಟೆಗೆ ನುಸಿ ಹಿಡಿದ ಹಾಗೆ. ಔಷಧಿ ಇಲ್ಲದ ಗುಳಿಯಲ್ಲಿ ತೂತೋ ತೂತು. ಔಷಧಿ ಕೆಲಸ ಮಾಡಿದ್ದರೆ ತೂತು ಕಡಿಮೆ. ಬೆಳಕಿಗೆ ಹಿಡಿದು, ಪೆನ್ನಿನಲ್ಲಿ ಗುರುತು ಹಾಕುತ್ತಾ ಒಂದೊಂದೇ ಎಣಿಸುತ್ತೇವೆ. ಮೊದಲ ಸಲ ಒಂದು ಗುಳಿ ಪೂರ್ತಿ ನೇರಳೆಯಾಗಿ ಉಳಿದದ್ದನ್ನು ನೋಡಿ ನನ್ನ ಕೈ ನಡುಗಿತ್ತು. ಮಾರನೇ ವಾರ ಅದೇ ಪುಡಿ ವೈರಸ್ ಇಲ್ಲದ ಜೀವಕೋಶವನ್ನೂ ಕೊಲ್ಲುತ್ತದೆ ಅಂತ ಗೊತ್ತಾಯಿತು. ವೈರಸ್ಸನ್ನು ನಿಲ್ಲಿಸುವ ಅಳತೆಗೂ ಜೀವಕೋಶಕ್ಕೆ ವಿಷವಾಗುವ ಅಳತೆಗೂ ನಡುವೆ ದೊಡ್ಡ ಅಂತರ ಇರಬೇಕು. ಆ ಅಂತರ ಇಲ್ಲದ್ದನ್ನು ಎತ್ತಿಡಬೇಕು, ಎಷ್ಟೇ ಆಸೆ ಇದ್ದರೂ.

ಇನ್ನೊಂದು ವಿಷಯ ಹೇಳಲೇಬೇಕು. 1967ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಅವರು ಈಡಿಸ್ ಸೊಳ್ಳೆಯ ಮರಿಗಳಿಂದ ಜೀವಕೋಶ ತೆಗೆದು ಬೆಳೆಸಿದರು. ಅದು ಪ್ರಕಟವಾಗಿದ್ದು ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಆ ಕೋಶಗಳಿಂದ ಆರಿಸಿದ ಒಂದು ತಳಿಯಲ್ಲೇ ಇವತ್ತು ಪ್ರಪಂಚದ ಎಷ್ಟೋ ಲ್ಯಾಬುಗಳು ಡೆಂಗ್ಯೂ ವೈರಸ್ ಬೆಳೆಸುತ್ತವೆ. ಇದನ್ನು ಪಾಠ ಹೇಳುವಾಗ ನನಗೆ ಹೆಮ್ಮೆ ಆಗುತ್ತದೆ.

ಇಲ್ಲಿಯವರೆಗೆ ಯಾವುದೂ ಗೆದ್ದಿಲ್ವಾ?

ಸೋತವು ಜಾಸ್ತಿ. ಆದರೆ ಒಂದೊಂದು ಸೋಲೂ ಏನೋ ಕಲಿಸಿದೆ.

ಬಾಲಾಪಿರಾವಿರ್ ಎನ್ನುವುದನ್ನು ಹೆಪಟೈಟಿಸ್ ಸಿ ಕಾಯಿಲೆಗೆ ಅಂತ ಮಾಡಿದ್ದರು. ಆ ವೈರಸ್ಸೂ ಡೆಂಗ್ಯೂ ಕುಟುಂಬದ್ದೇ. ವಿಯೆಟ್ನಾಮಿನಲ್ಲಿ ಜ್ವರ ಬಂದ 48 ಗಂಟೆಯೊಳಗೆ ಬಂದ ರೋಗಿಗಳಿಗೆ ಕೊಟ್ಟು ನೋಡಿದರು. 2013ರಲ್ಲಿ ಫಲಿತಾಂಶ ಬಂತು, ಏನೂ ಉಪಯೋಗ ಆಗಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಆ ಔಷಧಿ ಜೀವಕೋಶದ ಒಳಗೆ ಹೋಗಿ ಬದಲಾದ ಮೇಲೆಯೇ ಕೆಲಸ ಮಾಡುವಂಥದ್ದು. ಡೆಂಗ್ಯೂ ಸೋಂಕಿನಿಂದ ಕೆರಳಿದ ರಕ್ತಕಣಗಳಲ್ಲಿ ಆ ಬದಲಾವಣೆಯೇ ಸರಿಯಾಗಿ ಆಗುತ್ತಿರಲಿಲ್ಲ.

ಸೆಲ್ಗೋಸಿವಿರ್ ಇಲಿಗಳನ್ನು ಉಳಿಸಿತ್ತು. ಸಿಂಗಪುರದಲ್ಲಿ 50 ರೋಗಿಗಳಲ್ಲಿ ಪರೀಕ್ಷೆ ಮಾಡಿದಾಗ ವೈರಸ್ಸೂ ತಗ್ಗಲಿಲ್ಲ, ಜ್ವರವೂ ತಗ್ಗಲಿಲ್ಲ. ಮಲೇರಿಯಾದ ಕ್ಲೋರೋಕ್ವಿನ್ ಕೂಡ ವಿಯೆಟ್ನಾಮಿನಲ್ಲಿ ಸೋತಿತು.

ಇವೆಲ್ಲದರ ನಂತರ ಬಂದದ್ದು ಮಾಸ್ನೋಡೆನ್‌ವಿರ್. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಜೊತೆ ಸೇರಿ ಹುಡುಕಿದ್ದು. ಎನ್‌ಎಸ್‌3 ಮತ್ತು ಎನ್‌ಎಸ್‌4ಬಿ ಅನ್ನುವ ಎರಡು ಪ್ರೋಟೀನುಗಳು ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಜೋಡಿಯಾಗಿ ದುಡಿಯುತ್ತವೆ. ಈ ಔಷಧಿ ಆ ಜೋಡಿ ಕಟ್ಟುವುದಕ್ಕೇ ಬಿಡುವುದಿಲ್ಲ. ನಾಲ್ಕೂ ಬಗೆಯ ಡೆಂಗ್ಯೂ ಮೇಲೆ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲೇ ಮಾತ್ರೆ ಕೊಟ್ಟು, ಆಮೇಲೆ ಬಲ ಕುಂದಿಸಿದ ಡೆಂಗ್ಯೂ ವೈರಸ್ ಕೊಟ್ಟರು. 2023ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಹೆಚ್ಚಿನ ಪ್ರಮಾಣ ತೆಗೆದುಕೊಂಡ 10 ಜನರಲ್ಲಿ 6 ಜನರ ರಕ್ತದಲ್ಲಿ ವೈರಸ್ ಕಾಣಲೇ ಇಲ್ಲ. ಔಷಧಿ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡ ಐವರಲ್ಲೂ ಕಂಡಿತು.

ಅಷ್ಟು ಚೆನ್ನಾಗಿದ್ರೆ ಅದು ಯಾಕೆ ಮೆಡಿಕಲ್ ಶಾಪಿಗೆ ಬಂದಿಲ್ಲ?

2024ರ ಅಕ್ಟೋಬರ್‌ನಲ್ಲಿ ಕಂಪನಿ ಎರಡನೇ ಹಂತದ ಪರೀಕ್ಷೆ ನಿಲ್ಲಿಸಿತು. ಸುರಕ್ಷತೆಯ ತೊಂದರೆಯಿಂದ ಅಲ್ಲ, ತಮ್ಮ ಆದ್ಯತೆ ಬದಲಾಗಿದೆ ಅಂತ ಹೇಳಿತು. ಅದೇ ವರ್ಷ ಪ್ರಪಂಚದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಡೆಂಗ್ಯೂ ಪ್ರಕರಣ ವರದಿಯಾದವು. ಈ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಸೊಳ್ಳೆ ಜ್ವರ ಜಾಸ್ತಿ ಬರುವುದು ಬಡ ದೇಶಗಳಲ್ಲಿ. ಮಳೆಗಾಲದಲ್ಲಿ ಬರುತ್ತದೆ, ಐದು ದಿನದ ಮಾತ್ರೆ, ಆಮೇಲೆ ಬೇಡ. ಬಿಪಿ, ಶುಗರ್ ಮಾತ್ರೆಯಂತೆ ಜೀವನವಿಡೀ ಮಾರುವಂಥದ್ದಲ್ಲ. ಹಾಗಾಗಿ ಲಾಭ ಒಂದನ್ನೇ ನಂಬಿ ಕೂತರೆ ಈ ಕೆಲಸ ಆಗುವುದಿಲ್ಲ. ಸರ್ಕಾರಿ ಹಣ ಬೇಕೇ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಳ್ಳೆಯ ಔಷಧಿ ಅಂದ್ರೆ ಹೇಗಿರಬೇಕು?

ಬಾಯಿಂದ ನುಂಗುವ ಮಾತ್ರೆಯಾಗಿರಬೇಕು. ಮಕ್ಕಳಿಗೂ, ಬಸುರಿಯರಿಗೂ ಕೊಡುವಂತಿರಬೇಕು. ಫ್ರಿಜ್ ಬೇಡುವಂಥದ್ದು ಬೇಡ. ಮಳೆಗಾಲದಲ್ಲಿ ಮೂಡಿಗೆರೆ, ಕೊಪ್ಪದ ಒಳಗಿನ ಊರುಗಳಲ್ಲಿ ಮೂರು ದಿನ ಕರೆಂಟ್ ಇಲ್ಲದಿರುವುದು ನಿಮಗೇ ಗೊತ್ತು.

ಎಲ್ಲಕ್ಕಿಂತ ಹೆಚ್ಚು ಸುರಕ್ಷಿತವಾಗಿರಬೇಕು. ಡೆಂಗ್ಯೂ ಬಂದ ಹೆಚ್ಚಿನವರು ತಾವಾಗಿಯೇ ಗುಣವಾಗುತ್ತಾರೆ. ಯಾರಿಗೆ ಜೋರಾಗುತ್ತದೆ ಅಂತ ಮೊದಲ ದಿನ ಹೇಳಲು ಬರುವುದಿಲ್ಲ. ಅಂದಮೇಲೆ ಎಲ್ಲರಿಗೂ ಕೊಡಬೇಕಾಗುತ್ತದೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರ ಲಿವರ್ ಕೆಡಿಸಬಾರದು, ಅಲ್ವಾ?

ಇನ್ನೊಂದು, ಔಷಧಿಗೆ ವೈರಸ್ ಬಗ್ಗದಂತಾಗುವ ಭಯ. ಈ ವೈರಸ್ಸುಗಳು ನಕಲು ತೆಗೆಯುವಾಗ ತಪ್ಪು ಮಾಡುತ್ತಲೇ ಇರುತ್ತವೆ. ಯಾವುದೋ ಒಂದು ತಪ್ಪು ಔಷಧಿಯಿಂದ ತಪ್ಪಿಸಿಕೊಳ್ಳುವ ದಾರಿಯಾಗಿಬಿಡಬಹುದು. ಎಚ್‌ಐವಿ, ಟಿಬಿಗೆ ಎರಡು ಮೂರು ಔಷಧಿ ಒಟ್ಟಿಗೆ ಕೊಡುವುದು ಇದಕ್ಕೇ. ಡೆಂಗ್ಯೂಗೂ ಮುಂದೆ ಜೋಡಿ ಔಷಧಿ ಬೇಕಾಗಬಹುದು.

ಪರಂಗಿ ಎಲೆ ರಸ ಕುಡಿದ್ರೆ ಪ್ಲೇಟ್‌ಲೆಟ್ ಏರುತ್ತಂತೆ. ಅಮೃತಬಳ್ಳಿ ಕಷಾಯ?

ಪರಂಗಿ ಎಲೆಯಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಬಹುದು ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಆದರೆ ಪ್ಲೇಟ್‌ಲೆಟ್ ತಾನಾಗಿಯೂ ಏರುತ್ತದೆ. ಜೀವ ತೆಗೆಯುವ ಸೋರಿಕೆಯನ್ನು ಅದು ತಡೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ವಾಂತಿ ಆಗುತ್ತಿರುವ ಮಗುವಿನ ಬಾಯಿಗೆ ಕಹಿ ರಸ ಹಿಂಡಿ, ಇದ್ದ ನೀರಿನಂಶವನ್ನೂ ಕಳೆಯಬೇಡಿ. ಕಷಾಯ ಕುಡಿಯುವುದೇ ಆದರೆ ಡಾಕ್ಟರಿಗೆ ಹೇಳಿ ಕುಡಿಯಿರಿ. ಅದರ ನೆಪದಲ್ಲಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ.

ಗಿಡಮೂಲಿಕೆ ಅಂದರೆ ಪ್ರಯೋಜನ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಬಯಲುಸೀಮೆ ಬೇಲಿಗಳಲ್ಲಿ ಹಬ್ಬುವ ದಾಗಡಿ ಬಳ್ಳಿ ಗೊತ್ತಲ್ಲ, ಎಲೆ ಹಿಂಡಿದರೆ ನೀರೇ ಲೋಳೆಯಾಗಿ ಗಟ್ಟಿಯಾಗುತ್ತದೆ. ಅದರ ಸಾರವನ್ನು ದೆಹಲಿಯ ಐಸಿಜಿಇಬಿ ಸಂಸ್ಥೆ ಮತ್ತು ಸನ್ ಫಾರ್ಮಾ ಕಂಪನಿ ಡೆಂಗ್ಯೂ ಔಷಧಿಯಾಗಿ ಪರೀಕ್ಷೆಗೆ ಒಳಪಡಿಸಿವೆ. ಲ್ಯಾಬು, ಇಲಿ, ಮನುಷ್ಯ, ಹೀಗೆ ಮೆಟ್ಟಿಲು ಹತ್ತಿಸಿ. ಅದು ಸರಿಯಾದ ದಾರಿ. ಬೇಲಿಯಿಂದ ಕಿತ್ತು ಮನೆಯಲ್ಲೇ ಮಾಡಿಕೊಂಡರೆ ಅಳತೆ ಗೊತ್ತಿರುವುದಿಲ್ಲ.

ಚಿಕೂನ್‌ಗುನ್ಯಾಕ್ಕೂ ಅದೇ ಮಾತ್ರೆ ಆಗುತ್ತಾ?

ಆಗುವುದಿಲ್ಲ. ಸೊಳ್ಳೆ ಒಂದೇ, ವೈರಸ್ಸಿನ ಕುಟುಂಬ ಬೇರೆ. ಡೆಂಗ್ಯೂ, ಝೀಕಾ ಫ್ಲಾವಿ ವೈರಸ್‌ಗಳು. ಚಿಕೂನ್‌ಗುನ್ಯಾ ಆಲ್ಫಾ ವೈರಸ್. ಅದರ ಕತ್ತರಿ ಬೇರೆ, ನಕಲು ಯಂತ್ರ ಬೇರೆ.

1952ರಲ್ಲಿ ಈಗಿನ ತಾಂಜಾನಿಯಾದಲ್ಲಿ ಮೊದಲು ಕಂಡದ್ದು. ಅಲ್ಲಿನ ಮಾಕೊಂಡೆ ಜನರ ಮಾತಿನಲ್ಲಿ ಹೆಸರಿನ ಅರ್ಥ ಬಾಗಿಸಿಬಿಡುವುದು ಅಂತ. 2006ರಲ್ಲಿ ಕರ್ನಾಟಕದ ಲಕ್ಷಾಂತರ ಜನ ಆ ಅರ್ಥ ಏನು ಅಂತ ಮೈಯಲ್ಲೇ ತಿಳಿದರು. ನಮ್ಮ ಅತ್ತೆಗೆ ಆಗ ಬಂದದ್ದು. ಜ್ವರ ಒಂದು ವಾರ, ಗಂಟು ನೋವು ಎರಡು ವರ್ಷ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ರೊಟ್ಟಿ ತಟ್ಟುವುದನ್ನು ಬಿಟ್ಟರು. ಹಿತ್ತಲ ಬಾಗಿಲ ಚಿಲಕವನ್ನು ಮೊಣಕೈಯಿಂದ ತಳ್ಳಿ ತೆಗೆಯುತ್ತಿದ್ದರು. ಜೀವ ತೆಗೆಯುವುದು ಅಪರೂಪ ಅಂತ ಈ ಕಾಯಿಲೆಗೆ ಔಷಧಿ ಹುಡುಕುವ ಕೆಲಸ ಹಿಂದೆ ಬೀಳಬಾರದು. ಕೂಲಿ ಮಾಡಿ ಉಣ್ಣುವವರ ಕೈ ಕಟ್ಟಿಹೋದರೆ ಮನೆಯೇ ಕಟ್ಟಿಹೋಗುತ್ತದೆ.

ಮಂಗನ ಕಾಯಿಲೆಗೆ ಇದರಿಂದ ಉಪಯೋಗ ಇದೆಯಾ?

ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರು ತಪ್ಪದೆ ಕೇಳುತ್ತಾರೆ. ಮಂಗನ ಕಾಯಿಲೆ ಸೊಳ್ಳೆಯಿಂದ ಬರುವುದಿಲ್ಲ, ಉಣ್ಣೆ ಹುಳದಿಂದ (ಉಣುಗು) ಬರುತ್ತದೆ. ಆದರೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಸಿಕ್ಕ ಆ ವೈರಸ್ಸೂ ಫ್ಲಾವಿ ವೈರಸ್ಸೇ, ಡೆಂಗ್ಯೂವಿನ ದೂರದ ನೆಂಟ. ಅದರ ಎನ್‌ಎಸ್‌5 ಡೆಂಗ್ಯೂವಿನದನ್ನು ಹೋಲುತ್ತದೆ. ಹಾಗಾಗಿ ನಕಲು ಯಂತ್ರವನ್ನು ತಡೆಯುವ ಒಂದು ಒಳ್ಳೆಯ ಔಷಧಿ ಬಂದರೆ, ಇದರ ಮೇಲೂ ಪರೀಕ್ಷಿಸಿ ನೋಡುವ ದಾರಿ ತೆರೆಯುತ್ತದೆ. ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ. ಮಲೆನಾಡಿನ ಕೆಲವೇ ಜಿಲ್ಲೆಗಳ ಕಾಯಿಲೆಗೆ ಅಂತಲೇ ಯಾವ ದೊಡ್ಡ ಕಂಪನಿಯೂ ಔಷಧಿ ಮಾಡಲಿಕ್ಕಿಲ್ಲ. ನೆಂಟರ ಔಷಧಿಯಲ್ಲಿ ಪಾಲು ಕೇಳುವುದೇ ನಮ್ಮ ದಾರಿ.

ಲಸಿಕೆ ಬಂದ್ರೆ ಔಷಧಿ ಯಾಕೆ ಬೇಕು?

ಎರಡೂ ಬೇಕು. ಭಾರತದಲ್ಲೇ ತಯಾರಾದ ಡೆಂಗ್ಯೂ ಲಸಿಕೆಯ ಮೂರನೇ ಹಂತದ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ ಕಂಪನಿ ಸೇರಿ ಶುರು ಮಾಡಿದವು. ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷೆ. ಆದರೆ ಲಸಿಕೆ ಹಾಕಿಸಿಕೊಳ್ಳದವರು ಇದ್ದೇ ಇರುತ್ತಾರೆ, ಹಾಕಿಸಿಕೊಂಡವರಿಗೂ ಜ್ವರ ಬರಬಹುದು. ಔಷಧಿ ಇದ್ದರೆ ಇನ್ನೊಂದು ಉಪಯೋಗವೂ ಇದೆ. ಮನೆಯಲ್ಲಿ ಒಬ್ಬರಿಗೆ ಬಂದ ಕೂಡಲೇ ಉಳಿದವರಿಗೆ ಮುಂಚಿತವಾಗಿ ಕೊಡಬಹುದು.

ನಮ್ಮ ಕಡೆ ಟ್ರಯಲ್ ನಡೆದ್ರೆ ಸೇರಬಹುದಾ? ಪ್ರಯೋಗದ ಇಲಿ ಮಾಡ್ತಾರಾ?

ಭಯ ಸಹಜ. ಆದರೆ ನಿಯಮಗಳಿವೆ. ದೇಶದಲ್ಲಿ ನಡೆಯುವ ಪ್ರತಿ ಔಷಧಿ ಪರೀಕ್ಷೆ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಇರಲೇಬೇಕು. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮ ಹೇಳುತ್ತದೆ. ಕನ್ನಡದಲ್ಲಿ ವಿವರಿಸದೆ ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ.

ಮಾತ್ರೆ ಬರೋವರೆಗೆ ಏನು ಮಾಡೋದು?

ಆ ಮೂರು ದಿನವನ್ನು ಬಿಟ್ಟುಕೊಡಬೇಡಿ. ಮಳೆಗಾಲದಲ್ಲಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಬಂದರೆ ಮೊದಲ ದಿನಗಳಲ್ಲೇ ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಪರೀಕ್ಷೆ ಮಾಡಿಸಿ. ಐದನೇ ದಿನದ ನಂತರವಾದರೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. ಜ್ವರ ಬಿಟ್ಟ ಮೇಲೆ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು, ಮೂತ್ರ ಕಡಿಮೆ ಆಗುವುದು ಕಂಡರೆ ಆ ರಾತ್ರಿಯೇ ಹೊರಡಿ. ಬೆಳಗಾಗಲಿ ಅನ್ನಬೇಡಿ.

ತೋಟದವರಿಗೆ ಒಂದು ಮಾತು. ಹೋದ ಆಷಾಢದಲ್ಲಿ ನಮ್ಮ ಮನೆ ಅಡಿಕೆ ಸಾಲಿನಲ್ಲಿ ಬಿದ್ದ ಒಂದು ಹಾಳೆ ಎತ್ತಿದೆ. ದೋಣಿಯಂತೆ ಮಡಚಿದ ಜಾಗದಲ್ಲಿ ಎರಡು ಲೋಟದಷ್ಟು ನೀರು. ಟಾರ್ಚ್ ಬಿಟ್ಟರೆ ನೂರಾರು ಸೊಳ್ಳೆ ಮರಿಗಳು ಬಾಲ ಮೇಲೆ ಮಾಡಿಕೊಂಡು ತೂಗಾಡುತ್ತಿದ್ದವು. ಚೆಲ್ಲಿದರೆ ಸಾಲದು. ಈಡಿಸ್ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದರೆ ಮರಿಯಾಗುತ್ತದೆ. ಹಾಳೆ ಒಟ್ಟು ಮಾಡಿ ಬೋರಲು ಹಾಕಿ ಅಥವಾ ಕತ್ತರಿಸಿ ಗೊಬ್ಬರದ ಗುಂಡಿಗೆ ಸೇರಿಸಿ. ಕಾಫಿ ಕಣದ ಟಾರ್ಪಾಲಿನ ಮಡಿಕೆ, ಲೈನ್ ಮನೆ ಹಿಂದಿನ ಡ್ರಮ್ಮು, ಹಳೇ ಟೈರು, ಎಳನೀರು ಚಿಪ್ಪು, ವಾರಕ್ಕೊಮ್ಮೆ ನೋಡಿ.

ನನ್ನ ಮಗಳು ಇದೇ ಕೆಲಸ ಮಾಡಬೇಕು ಅಂತಾಳೆ. ಏನು ಓದಿಸಲಿ?

ಅರಕಲಗೂಡಿನ ಒಬ್ಬ ತಾಯಿ ಹೋದ ತಿಂಗಳು ಕೇಳಿದ್ದು. ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ರಸಾಯನಶಾಸ್ತ್ರ ಗಟ್ಟಿ ಮಾಡಿಕೊಳ್ಳಲಿ. ಔಷಧಿ ಅನ್ನುವುದು ಕೊನೆಗೂ ಒಂದು ಅಣು. ಆಮೇಲೆ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಫಾರ್ಮಸಿ, ಯಾವುದಾದರೂ ಆದೀತು. ಈಗ ಕಂಪ್ಯೂಟರಿನಲ್ಲೇ ಲಕ್ಷಗಟ್ಟಲೆ ಅಣುಗಳನ್ನು ಪ್ರೋಟೀನಿನ ಗುಳಿಗೆ ಕೂರಿಸಿ ನೋಡುತ್ತಾರೆ, ಹಾಗಾಗಿ ಲೆಕ್ಕ, ಪ್ರೋಗ್ರಾಮಿಂಗ್ ಬಂದರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ಬರಲ್ಲ ಅಂತ ಹೆದರುವುದು ಬೇಡ, ನಾನೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ರಜೆಯಲ್ಲಿ ಒಂದು ದಿನ ಕಾಲೇಜಿಗೆ ಕಳಿಸಿ ಅಂದೆ. ಬಂದಳು. ಮನೆ ಹಿಂದಿನ ಟೈರಿನಿಂದ ಒಂದು ಬಾಟಲಿ ನೀರು ತಂದಿದ್ದಳು. ಮೈಕ್ರೋಸ್ಕೋಪಿನ ಕೆಳಗೆ ಸೊಳ್ಳೆ ಮರಿಯ ಬಾಲದ ಉಸಿರು ಕೊಳವೆ ನೋಡುತ್ತಾ ಮಧ್ಯಾಹ್ನದ ಊಟ ಮರೆತಳು.